ವಾಂಗಣಿಯಲ್ಲಿ ಇಳಿದ ಹರಿಶ್ಚಂದ್ರ

ಬದಲಾಪುರ ದಾಟಿದರೆ ಮುಂದಿನ ಸ್ಟೇಷನ್ ವಾಂಗಣಿ. ಕರ್ಜತ್ ಲೋಕಲ್ಲಿಗೆ ಹತ್ತು ನಿಮಿಷದ ದಾರಿ. ಉದ್ಯಾನ್, ಶರಾವತಿ, ಚಾಲುಕ್ಯ ಹೀಗೆ ನಮ್ಮವರು ಊರಿಗೆ ಹೋಗಲು ಹತ್ತುವ ರೈಲುಗಳೆಲ್ಲ ಈ ಸ್ಟೇಷನ್ನಿನ ಹೆಸರನ್ನು ಓದಲೂ ಬಿಡದ ವೇಗದಲ್ಲಿ ಓಡುತ್ತವೆ. ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡಿಗರು ಬೇಸಿಗೆ ರಜೆಗೆ ಹೋಗುವಾಗಲೂ ಬರುವಾಗಲೂ ಇದರ ಮೇಲೆಯೇ ಹಾದು ಹೋಗಿದ್ದಾರೆ. ಅಷ್ಟು ಹೊತ್ತಿಗೆ ಅವರು ಸಾಮಾನು ಸೀಟಿನಡಿ ತಳ್ಳಿ, ಬುತ್ತಿ ಬಿಚ್ಚುವ ಯೋಚನೆಯಲ್ಲಿರುತ್ತಾರೆ. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರದ ಹೊರಾಂಗಣ ಚಿತ್ರೀಕರಣ ಕಿಟಕಿಯಾಚೆಯ ಈ ಗದ್ದೆಗಳ ನಡುವೆ ನಡೆಯಿತು ಎಂದು ಯಾರಾದರೂ ಹೇಳಿದರೆ ಚಪಾತಿ ಕೈಯಲ್ಲೇ ನಿಂತೀತು.

ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಓದಿ ತಿಳಿದದ್ದು. ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ'ದ ಒಳಾಂಗಣದ ಭಾಗವನ್ನು ದಾದರ್‌ನಲ್ಲಿ ತೆಗೆದರು, ಹೊರಾಂಗಣಕ್ಕೆ ಮುಂಬಯಿ ಬಿಟ್ಟು ವಾಂಗಣಿ ಎಂಬ ಹಳ್ಳಿಗೆ ಹೋದರು ಎಂಬ ಒಂದು ವಾಕ್ಯ. ಬದಲಾಪುರದ ನೆಂಟರ ಮನೆಯಲ್ಲಿ ಗಣೇಶನ ಹಬ್ಬಕ್ಕೆ ಉಳಿದಿದ್ದಾಗ ಆ ವಾಕ್ಯ ತಲೆಯಲ್ಲಿ ಎದ್ದು ಕೂತಿತು. ಪಕ್ಕದ ಸ್ಟೇಷನ್! ಮನೆಯವರಿಗೆ ನಗು ಬಂತು. ವಾಂಗಣಿಯಲ್ಲಿ ನೋಡುವುದಕ್ಕೇನಿದೆ, ಬೇಕಿದ್ದರೆ ಕೊಂಡೇಶ್ವರದ ಜಲಪಾತಕ್ಕೆ ಹೋಗೋಣ, ಬಾರವಿ ಅಣೆಕಟ್ಟಿಗೆ ಹೋಗೋಣ ಎಂದರು. ನಾನು ಚಪ್ಪಲಿ ಮೆಟ್ಟಿ ಆಗಿತ್ತು.

ಮುಂಬಯಿ ಕಡೆಯಿಂದ ಬರುವವರಿಗೆ ಈ ದಾರಿ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಥಾಣೆಯಿಂದ ಕಲ್ಯಾಣದವರೆಗೆ ಕಿಟಕಿಯಲ್ಲಿ ಕಾಣುವುದು ಬರೀ ಮನುಷ್ಯರು ಮತ್ತು ಮನುಷ್ಯರ ಮನೆಗಳು. ಕಲ್ಯಾಣದಲ್ಲಿ ಹಳಿ ಎರಡಾಗಿ ಒಂದು ಕಸಾರಾ ಘಾಟಿನತ್ತ, ಇನ್ನೊಂದು ಬೋರ್ ಘಾಟಿನತ್ತ ಹೊರಳುತ್ತದೆ. ಅಂಬರನಾಥದಲ್ಲಿ 1060ರ ಶಾಸನವಿರುವ ಶಿಲಾಹಾರರ ಕಲ್ಲಿನ ಶಿವಾಲಯ. ಬದಲಾಪುರದಲ್ಲಿ ಕಟ್ಟಡಗಳು ಇಪ್ಪತ್ತು ಮಹಡಿ ಏರಿ, ಇನ್ನು ಸಾಕು ಎಂದು ಒಮ್ಮೆಲೇ ನಿಲ್ಲುತ್ತವೆ. ಅಲ್ಲಿಗೆ ಡಬ್ಬಿ ಖಾಲಿ. ಮೂವರ ಸೀಟಿನಲ್ಲಿ ಚೌಥಿ ಸೀಟಿಗೆ ಅರ್ಧ ತೊಡೆ ಊರಿ ಡೊಂಬಿವಲಿಯಿಂದ ಬಂದವರು ಕಾಲು ಚಾಚುತ್ತಾರೆ. ಎಡಗಡೆ ಉಲ್ಹಾಸ ನದಿ ಎಲ್ಲೋ ಹರಿಯುತ್ತಿದೆ ಎಂಬುದು ಮರಗಳ ಸಾಲಿನಿಂದ ಗೊತ್ತಾಗುತ್ತದೆ. ಈ ಸಾಧು ನದಿಯೇ 2019ರ ಜುಲೈ 27ರಂದು ಉಕ್ಕಿ, ಕೊಲ್ಲಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ಬದಲಾಪುರಕ್ಕೂ ವಾಂಗಣಿಗೂ ನಡುವೆ ನೀರಿನಲ್ಲಿ ನಿಲ್ಲಿಸಿತ್ತು. ಸಾವಿರಕ್ಕೂ ಹೆಚ್ಚು ಜನರನ್ನು ರಬ್ಬರ್ ದೋಣಿಗಳಲ್ಲಿ ಹೊರತಂದರು. ಬಲಗಡೆ ಚಂದೇರಿ ಗುಡ್ಡ. ಕೋಟೆಯ ತಲೆ ಮೋಡದಲ್ಲಿತ್ತು. ಮೋಡ ಸರಿದು ಬಿಸಿಲು ಬಿದ್ದ ಗಳಿಗೆಯಲ್ಲಿ ಇಡೀ ಬಯಲು ಹಸಿರಿನಿಂದ ಹೊನ್ನಿಗೆ ತಿರುಗಿತು. ಡಬ್ಬಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ಮಾತ್ರ ಎದ್ದು ಬಾಗಿಲಿಗೆ ಹೋದೆ.

ಫಾಲ್ಕೆ ಈ ಜಾಗವನ್ನೇ ಏಕೆ ಆರಿಸಿಕೊಂಡರು? ಯಾವ ಪುಸ್ತಕದಲ್ಲೂ ನನಗೆ ಉತ್ತರ ಸಿಕ್ಕಿರಲಿಲ್ಲ, ಆ ಬಾಗಿಲಲ್ಲಿ ನಿಂತಾಗ ಸಿಕ್ಕಂತಾಯಿತು. ಅವರ ಬದುಕಿನಲ್ಲಿ ಈ ರೈಲು ಹಾದಿ ಮೊದಲೇ ಇತ್ತು. ಸಿನಿಮಾಕ್ಕೆ ಎಷ್ಟೋ ಮೊದಲು, ಅವರು ಲೋಣಾವಳದಲ್ಲಿ ಅಚ್ಚುಕೂಟ ಇಟ್ಟಿದ್ದರು. ಅಲ್ಲಿಗೆ ಹತ್ತಿರದ ಮಳವಲಿಯಲ್ಲಿದ್ದ ರಾಜಾ ರವಿವರ್ಮನ ಮುದ್ರಣಾಲಯಕ್ಕೆ ಶಿಲಾಮುದ್ರಣದ ಪಡಿಯಚ್ಚುಗಳನ್ನು ಮಾಡಿಕೊಡುತ್ತಿದ್ದರು. ನಮ್ಮ ಅಜ್ಜಿಯರ ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿಟ್ಟಿದ್ದ ತಾವರೆಯ ಮೇಲಿನ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಆ ಮುದ್ರಣಾಲಯದಿಂದಲೇ ದೇಶದ ಮನೆ ಮನೆಗೆ ಹೊರಟವರು. ಲೋಣಾವಳಕ್ಕೂ ಮುಂಬಯಿಗೂ ಓಡಾಡುವ ಮನುಷ್ಯ, ಅದರಲ್ಲೂ ಕಣ್ಣನ್ನೇ ಕಸುಬು ಮಾಡಿಕೊಂಡವನು, ಘಾಟಿ ಇಳಿದ ಮೇಲೆ ಬರುವ ಈ ಬಯಲನ್ನು, ಅದರ ಬೆನ್ನಿಗೆ ನಿಂತ ಗುಡ್ಡದ ಸಾಲನ್ನು, ಬೆಳಕು ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು ಕಿಟಕಿಯಿಂದಲೇ ಗುರುತು ಹಾಕಿಕೊಂಡಿರಬೇಕು. ಇದು ನನ್ನ ಊಹೆ. ಆದರೆ ಫೋಟೋ ತೆಗೆಯುವ ಯಾರನ್ನಾದರೂ ಕೇಳಿ, ರೈಲಿನ ಕಿಟಕಿಯಲ್ಲಿ ಅವರು ಬೇರೇನು ಮಾಡುತ್ತಾರೆ?

ಫಾಲ್ಕೆಯನ್ನು ಭಾರತೀಯ ಚಿತ್ರರಂಗದ ಪಿತಾಮಹ ಎಂದು ಕರೆದು ಕರೆದು ನಾವು ಅವರ ಮೊದಲ ನಲವತ್ತು ವರ್ಷಗಳನ್ನು ಮರೆತಿದ್ದೇವೆ. ನನಗೆ ಆ ನಲವತ್ತೇ ಹೆಚ್ಚು ಇಷ್ಟ. 1870ರ ಏಪ್ರಿಲ್ 30ರಂದು ತ್ರ್ಯಂಬಕದಲ್ಲಿ, ಸಂಸ್ಕೃತ ಪಂಡಿತರ ಮನೆಯಲ್ಲಿ ಹುಟ್ಟಿದ ಧುಂಡಿರಾಜ ಗೋವಿಂದ ಫಾಲ್ಕೆ 1885ರಲ್ಲಿ ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿ ಚಿತ್ರ ಬರೆಯಲು ಕಲಿತರು. ಆಮೇಲೆ ಬರೋಡದ ಕಲಾಭವನ. 1890ರಲ್ಲಿ ಕೈಗೆ ಕ್ಯಾಮೆರಾ ಬಂತು. ತೆಗೆಯುವುದು, ತೊಳೆಯುವುದು, ಅಚ್ಚು ಹಾಕುವುದು, ಮೂರು ಬಣ್ಣದ ಬ್ಲಾಕ್ ಮಾಡುವುದು ಒಂದೊಂದಾಗಿ ಕಲಿತರು. ಗೋಧ್ರಾದಲ್ಲಿ ಛಾಯಾಗ್ರಾಹಕರಾಗಿ ಅಂಗಡಿ ಇಟ್ಟರು. ಪ್ಲೇಗು ಹೆಂಡತಿಯನ್ನೂ ಮಗುವನ್ನೂ ಕೊಂಡೊಯ್ದಿತು. ಬರೋಡಕ್ಕೆ ಮರಳಿ ಮತ್ತೆ ಸ್ಟುಡಿಯೋ ತೆರೆದರೆ ಗಿರಾಕಿಗಳೇ ಇಲ್ಲ. ಕ್ಯಾಮೆರಾ ಮನುಷ್ಯನ ಮೈಯ ಸತ್ವವನ್ನು ಹೀರುತ್ತದೆ, ಫೋಟೋ ತೆಗೆಸಿಕೊಂಡವರು ಬೇಗ ಸಾಯುತ್ತಾರೆ ಎಂದು ಊರಲ್ಲಿ ಪುಕಾರು. ನಾಟಕ ಕಂಪನಿಗಳ ಪರದೆಗೆ ಬಣ್ಣ ಬಳಿದರು. ಜಾದೂ ಕಲಿತು, ತಮ್ಮ ಹೆಸರನ್ನೇ ತಿರುವಿ 'ಪ್ರೊಫೆಸರ್ ಕೆಲ್ಫಾ' ಎಂದು ಆಟ ತೋರಿಸಿದರು. 1902ರಲ್ಲಿ ಎರಡನೆಯ ಮದುವೆ. ಹುಡುಗಿ ಕಿರ್ಲೋಸ್ಕರ್ ನಾಟಕ ಮಂಡಳಿಯ ನಂಟಿನವಳು. 1903ರಲ್ಲಿ ಪುರಾತತ್ವ ಇಲಾಖೆಯಲ್ಲಿ ಛಾಯಾಗ್ರಾಹಕ ಮತ್ತು ನಕ್ಷೆಗಾರನ ಕೆಲಸ, 1906ರಲ್ಲಿ ಅದಕ್ಕೂ ರಾಜೀನಾಮೆ. ಆಮೇಲೆ ಲೋಣಾವಳ, ದಾದರ್, ಬಣ್ಣದ ಮುದ್ರಣಯಂತ್ರಕ್ಕಾಗಿ 1909ರಲ್ಲಿ ಜರ್ಮನಿ, ಕೊನೆಗೆ ಪಾಲುದಾರರೊಂದಿಗೆ ಮನಸ್ತಾಪ. 1911ರಲ್ಲಿ ನಲವತ್ತೊಂದರ ಈ ಮನುಷ್ಯನ ಕೈಯಲ್ಲಿ ಕೆಲಸವಿಲ್ಲ, ತಲೆಯಲ್ಲಿ ಚಿತ್ರ ಮಾಡುವ ಎಲ್ಲ ವಿದ್ಯೆಗಳೂ ಇವೆ.

ಆಗ ಗಿರಗಾಂವ್‌ನ ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ ಓಡುವ ಪ್ರಾಣಿಗಳನ್ನೂ, ಮರುದಿನ ಕ್ರಿಸ್ತನ ಜೀವನವನ್ನೂ ಬೆಳ್ಳಿ ಪರದೆಯಲ್ಲಿ ಕಂಡದ್ದು, ಪರದೆಯ ಮೇಲೆ ಏಸುವಿನ ಜಾಗದಲ್ಲಿ ರಾಮನನ್ನೂ ಕೃಷ್ಣನನ್ನೂ ಕಂಡಂತಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ನನ್ನನ್ನು ಹಿಡಿದಿಟ್ಟದ್ದು ಮುಂದಿನ ವರ್ಷದ ಇನ್ನೊಂದು ಸಂಗತಿ. ವಿಮಾ ಪಾಲಿಸಿ ಅಡವಿಟ್ಟು ಲಂಡನ್ನಿಗೆ ಹೋಗಿ, ಐವತ್ತು ಪೌಂಡಿಗೆ ವಿಲಿಯಮ್ಸನ್ ಕ್ಯಾಮೆರಾ ಕೊಂಡು, 1912ರ ಏಪ್ರಿಲ್ 1ರಂದು ಮರಳಿದ ಫಾಲ್ಕೆ ಮೊದಲು ಮಾಡಿದ್ದು ಹರಿಶ್ಚಂದ್ರನನ್ನಲ್ಲ. ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾವನ್ನು ಅದರ ಮುಂದೆ ಅಲುಗದಂತೆ ನಿಲ್ಲಿಸಿ, ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿದ ಚಿತ್ರಗಳನ್ನು ಸಾಲಾಗಿ ಓಡಿಸಿದರು. ಒಂದು ನಿಮಿಷದಲ್ಲಿ ಬೀಜ ಮೊಳೆತು, ಎಲೆ ಬಿಟ್ಟು, ಬಳ್ಳಿಯಾಗಿ ಹಬ್ಬಿತು. 'ಅಂಕುರಾಚಿ ವಾಢ' ಎಂಬ ಆ ತುಣುಕನ್ನು ನೋಡಿಯೇ ಹಣವಂತರು ಜೇಬಿಗೆ ಕೈ ಹಾಕಿದ್ದು. ಸಿನಿಮಾ ಎಂದರೆ ನಿಂತ ಚಿತ್ರಗಳ ಸಾಲು, ಅದನ್ನು ತಾಳ್ಮೆಯಿಂದ ಪೋಣಿಸಬೇಕು ಎಂಬುದು ಛಾಯಾಗ್ರಾಹಕನಿಗೆ ಮಾತ್ರ ಅಷ್ಟು ಸಲೀಸಾಗಿ ಹೊಳೆಯುವ ವಿಚಾರ. ನಾಟಕದಿಂದ ಬಂದವನಾಗಿದ್ದರೆ ಮೊದಲು ಒಬ್ಬ ನಟನನ್ನು ಹುಡುಕುತ್ತಿದ್ದ.

ವಾಂಗಣಿಯಲ್ಲಿ ಇಳಿದೆ. ಎರಡು ಪ್ಲಾಟ್‌ಫಾರಂ, ಮೇಲ್ಸೇತುವೆ, ವಡಾಪಾವ್ ಕರಿಯುವ ವಾಸನೆ. ಫಾಲ್ಕೆಯ ಹೆಸರಿನ ಫಲಕವೋ ಕಲ್ಲೋ ನನ್ನ ಕಣ್ಣಿಗೆ ಬೀಳಲಿಲ್ಲ. ಚಹಾದಂಗಡಿಯವರನ್ನು ಕೇಳಿದೆ. "ಫಾಲ್ಕೆಯೋ? ಯಾವ ಬಿಲ್ಡಿಂಗಿನವರು?" ಎಂದರು. ಅವರ ತಪ್ಪೇನಿಲ್ಲ, ಇಲ್ಲಿ ಈಗ ದಿನಕ್ಕೊಂದು ಬಿಲ್ಡಿಂಗ್ ಏಳುತ್ತಿದೆ. ರಸ್ತೆಯ ಕೊನೆಗೆ ನಡೆದರೆ ಮಾತ್ರ ಗದ್ದೆ ಶುರು. ಬದುವಿನ ಮೇಲೆ ನಿಂತು ಸುತ್ತ ನೋಡಿದೆ. ಚಂದೇರಿ ಇಲ್ಲಿಂದ ಪೂರ್ತಿ ಕಾಣುತ್ತದೆ, ಆಚೆಗೆ ಮಾಥೇರಾನದ ಚಪ್ಪಟೆ ನೆತ್ತಿ. ಅಯೋಧ್ಯೆಯ ರಾಜ ಬೇಟೆಗೆ ಬರಲು, ರಾಜ್ಯ ಕಳೆದುಕೊಂಡು ಕಾಡು ಸೇರಲು ಇದಕ್ಕಿಂತ ಹದವಾದ ಜಾಗವನ್ನು ಮುಂಬಯಿಯ ಇಷ್ಟು ಹತ್ತಿರ ಹುಡುಕುವುದು ಕಷ್ಟ.

ಆ ತಂಡ ಇಲ್ಲಿ ಇಳಿದ ದಿನದ ಪ್ರಸಂಗವನ್ನು ಫಾಲ್ಕೆಯ ಜೀವನಚರಿತ್ರೆಕಾರರು ಬರೆದಿದ್ದಾರೆ. ಕತ್ತಿ, ಈಟಿ, ಗುರಾಣಿ ಹೊತ್ತು ಮೀಸೆಯ ಗಂಡಸರ ಗುಂಪೊಂದು ರೈಲಿಳಿದು ಹಳ್ಳಿಯತ್ತ ನಡೆದು ಬಂತು. ಹಳ್ಳಿಯವರು ಕಂಡದ್ದು ದರೋಡೆಕೋರರನ್ನು. ಪಾಟೀಲನಿಗೆ ಸುದ್ದಿ, ಪಾಟೀಲನಿಂದ ಫೌಜುದಾರನಿಗೆ. ನಾವು ನಾಟಕದವರಂಥವರು, ಚಿತ್ರ ತೆಗೆಯಲು ಬಂದವರು ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಚಲಿಸುವ ಚಿತ್ರದಲ್ಲಿ ಕಥೆ ಹೇಳುವ ಕಸುಬೇ ಈ ದೇಶದಲ್ಲಿ ಇನ್ನೂ ಹುಟ್ಟಿರಲಿಲ್ಲ! ರಾಜ, ಮಂತ್ರಿ, ಋಷಿಗಳೆಲ್ಲ ಒಟ್ಟಿಗೆ ಠಾಣೆಯಲ್ಲಿ ಕೂತರು. ಹಿಂದಿನಿಂದ ಬಂದ ಫಾಲ್ಕೆ ವಿಷಯ ವಿವರಿಸಿ, ಕೊನೆಗೆ ಕ್ಯಾಮೆರಾ ನಿಲ್ಲಿಸಿ, ಒಳಗೆ ಫಿಲ್ಮ್ ಹಾಕದೆಯೇ ಹಿಡಿಕೆ ತಿರುಗಿಸಿ, ನಟರಿಂದ ಒಂದು ದೃಶ್ಯ ಮಾಡಿಸಿ ತೋರಿಸಿದ ಮೇಲೆ ಬಿಡುಗಡೆ. ಫಿಲ್ಮ್ ಹಾಕಲಿಲ್ಲ ಎಂಬ ವಿವರ ನನಗೆ ಬಹಳ ರುಚಿಸಿತು. ಅಡಿ ಅಡಿಗೂ ದುಡ್ಡು ತೆತ್ತ ನಿರ್ಮಾಪಕ ಪೊಲೀಸರಿಗೆಂದು ಒಂದು ಗೇಣು ಫಿಲ್ಮನ್ನೂ ಖರ್ಚು ಮಾಡಲೊಲ್ಲ.

ಇಲ್ಲಿನದೇ ಇನ್ನೊಂದು ಪ್ರಸಂಗ ಅಷ್ಟು ಸುಲಭವಾಗಿ ಗಂಟಲಿಳಿಯುವುದಿಲ್ಲ. ಹರಿಶ್ಚಂದ್ರನ ಮಗನ ಪಾತ್ರ ಫಾಲ್ಕೆಯ ಮಗ ಭಾಲಚಂದ್ರನದು. ಹುಡುಗ ಆಡುತ್ತಾ ಬಂಡೆಗೆ ಬಿದ್ದು, ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ. ಮುಂಬಯಿಗೆ ಕರೆದೊಯ್ಯಿರಿ ಎಂದರು ಜೊತೆಯವರು. ಅಂದು ತೆಗೆಯಬೇಕಿದ್ದದ್ದು ಮಗ ಸತ್ತ ದೃಶ್ಯ. ಕೈಲಾದ ಉಪಚಾರ ಮಾಡಿದ ತಂದೆ, ಎಚ್ಚರ ತಪ್ಪಿದ ಮಗನನ್ನೇ ಮಲಗಿಸಿ ಆ ದೃಶ್ಯವನ್ನು ಮುಗಿಸಿದರು. ಹುಡುಗ ಉಳಿದ, ದೊಡ್ಡವನಾದ. ಆದರೂ ಗದ್ದೆಯ ನಡುವೆ ಅಲ್ಲಲ್ಲಿ ಎದ್ದಿರುವ ಕರಿಬಂಡೆಗಳನ್ನು ಕಂಡಾಗ ನನ್ನ ಬೆರಗಿಗೆ ಸ್ವಲ್ಪ ಕಹಿ ಬೆರೆಯಿತು. ಸತ್ಯಕ್ಕಾಗಿ ಮಗನನ್ನು ಮಾರಿದ ರಾಜನ ಕಥೆಯನ್ನು ತೆಗೆಯುತ್ತಿದ್ದ ಮನುಷ್ಯ ಆ ಕಥೆಯೊಳಗೆ ತಾನೇ ಕಾಲಿಟ್ಟಂತಿತ್ತು. ಮೆಚ್ಚಬೇಕೋ ಬೇಡವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ನಮ್ಮ ರಾಘವಾಂಕನನ್ನು ಓದಿದವರಿಗೆ ಈ ಚಿತ್ರದ ಹೆಸರುಗಳು ತುಸು ಬೇರೆ ಅನ್ನಿಸುತ್ತವೆ. ನಮ್ಮ ಚಂದ್ರಮತಿ ಅಲ್ಲಿ ತಾರಾಮತಿ, ನಮ್ಮ ಲೋಹಿತಾಶ್ವ ಅಲ್ಲಿ ರೋಹಿದಾಸ. ಹದಿಮೂರನೆಯ ಶತಮಾನದ ಹಂಪೆಯ ಕವಿಯಿಂದ ಯಕ್ಷಗಾನದ ಮೇಳಗಳವರೆಗೆ, 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ರಾಜಕುಮಾರರನ್ನು ಸ್ಮಶಾನದಲ್ಲಿ ನಿಲ್ಲಿಸಿದವರೆಗೆ ನಾವು ಈ ರಾಜನನ್ನು ಅಳುತ್ತಾ ನೋಡಿದವರು. ವಾಂಗಣಿಯ ತಾರಾಮತಿ ಹೆಣ್ಣಲ್ಲ. ಹೆಂಗಸರು ಯಾರೂ ಒಪ್ಪದೆ, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ತೆಳ್ಳನೆಯ ಹುಡುಗನಿಗೆ ತಿಂಗಳಿಗೆ ಹದಿನೈದು ರೂಪಾಯಿ ಗೊತ್ತುಮಾಡಿ ಸೀರೆ ಉಡಿಸಿದರು. ಹರಿಶ್ಚಂದ್ರನಾಗಿ ದತ್ತಾತ್ರೇಯ ದಾಮೋದರ ದಬಕೆ. ಕ್ಯಾಮೆರಾದ ಹಿಡಿಕೆ ತಿರುಗಿಸಿದವರು ಫಾಲ್ಕೆ ಕೈಯಾರೆ ತಯಾರು ಮಾಡಿದ ತ್ರ್ಯಂಬಕ ತೆಲಂಗ.

ಹಿಡಿಕೆ ತಿರುಗಿಸುವುದೆಂದರೆ ಮನಸ್ಸಿನಲ್ಲಿ ತಾಳ ಹಾಕಿಕೊಂಡು ಒಂದು ಸೆಕೆಂಡಿಗೆ ಎರಡು ಸುತ್ತು. ಸುತ್ತಿಗೆ ಎಂಟರಂತೆ ಸೆಕೆಂಡಿಗೆ ಹದಿನಾರು ಚಿತ್ರ. ಕೈ ಸೋತರೆ ರಾಜ ಪರದೆಯ ಮೇಲೆ ಓಡುತ್ತಾನೆ, ಕೈ ಆತುರಪಟ್ಟರೆ ತೇಲುತ್ತಾನೆ. ದೀಪಗಳಿಲ್ಲ, ಇರುವುದೆಲ್ಲ ಸೂರ್ಯ. ಅಂದಿನ ಫಿಲ್ಮಿಗೆ ಕೆಂಪು ಕಾಣಿಸುತ್ತಿರಲಿಲ್ಲ. ಹಣೆಯ ಕುಂಕುಮ ಕಪ್ಪು, ನೀಲಿ ಆಕಾಶ ಬಿಳಿ ಹಾಳೆ. ನನ್ನ ಮುಂದಿದ್ದ ಈ ಭಾದ್ರಪದದ ಬಯಲು, ಇಷ್ಟು ಬಗೆಯ ಹಸಿರು, ಬದುವಿನ ಕೆಂಪು ಮಣ್ಣು, ಮೋಡದ ನೀಲಿ ಎಲ್ಲವೂ ಅವರ ಡಬ್ಬಿಯೊಳಗೆ ಹೋಗಿ ಬರೀ ಬೆಳಕು ನೆರಳಾಗಿ ಉಳಿಯಬೇಕಿತ್ತು. ರವಿವರ್ಮನ ದೇವರಿಗೆ ಬಣ್ಣ ಬಣ್ಣದ ಕಲ್ಲುಗಳನ್ನು ಸಿದ್ಧಮಾಡಿ ಪಳಗಿದ ಕಣ್ಣು ಅದು. ಯಾವ ಬಣ್ಣ ಯಾವ ಬೂದಿಯಾದೀತು ಎಂದು ಅದು ಮೊದಲೇ ಲೆಕ್ಕ ಹಾಕಬಲ್ಲದು.

ಈ ಬೆಳಕಿನ ಲೆಕ್ಕದಲ್ಲಿ ಇನ್ನೊಬ್ಬರ ಕೈ ಇತ್ತು. ಫಾಲ್ಕೆಯ ಹೆಂಡತಿ ಸರಸ್ವತಿಬಾಯಿ ಬಿಸಿಲಿನಲ್ಲಿ ಬಿಳಿಯ ಬಟ್ಟೆ ಹಿಡಿದು ನಿಂತು ನಟರ ಮುಖಕ್ಕೆ ಬೆಳಕನ್ನು ತಿರುಗಿಸಿದರು. ಹಗಲು ಇಡೀ ತಂಡಕ್ಕೆ ಅಡುಗೆ. ರಾತ್ರಿ ಕತ್ತಲ ಕೋಣೆಯಲ್ಲಿ ಫಿಲ್ಮಿನ ಅಂಚಿಗೆ ತೂತು ಹೊಡೆಯುವುದು, ರಾಸಾಯನಿಕ ಬೆರೆಸುವುದು, ತೊಳೆಯುವುದು. ಒಡವೆಗಳೂ ಚಿತ್ರಕ್ಕೇ ಹೋದವು. ಭಾರತೀಯ ಸಿನಿಮಾಕ್ಕೆ ಪಿತಾಮಹರೊಬ್ಬರನ್ನೇ ಎಣಿಸುವುದು ನನಗೆ ಯಾಕೋ ಅರ್ಧ ಲೆಕ್ಕ ಅನ್ನಿಸುತ್ತದೆ. ಆ ಬಿಳಿ ಬಟ್ಟೆಯ ವಿದ್ಯೆ ನಲವತ್ತೇಳು ವರ್ಷದ ನಂತರ ನಮ್ಮ ಮೈಸೂರಿನವರ ಕೈಯಲ್ಲಿ ಕನ್ನಡಿಯಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ್ 1959ರಲ್ಲಿ 'ಕಾಗಜ್ ಕೆ ಫೂಲ್' ತೆಗೆದಾಗ ಛಾಯಾಗ್ರಾಹಕ ವಿ. ಕೆ. ಮೂರ್ತಿ ಸ್ಟುಡಿಯೋದ ಹೊರಗಿನ ಬಿಸಿಲನ್ನು ಎರಡು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ, ಕತ್ತಲಲ್ಲಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅದೇ ಮೂರ್ತಿಯವರಿಗೆ 2008ರ ಸಾಲಿನ ಪ್ರಶಸ್ತಿ ಬಂತು, ಛಾಯಾಗ್ರಾಹಕರಲ್ಲಿ ಮೊದಲಿಗರಾಗಿ. ಪ್ರಶಸ್ತಿಯ ಹೆಸರು ದಾದಾಸಾಹೇಬ್ ಫಾಲ್ಕೆ.

ಆರು ತಿಂಗಳು ಇಪ್ಪತ್ತೇಳು ದಿನಗಳ ದುಡಿಮೆಯಲ್ಲಿ 3,700 ಅಡಿ ಚಿತ್ರ ಸಿದ್ಧವಾಗಿ, 1913ರ ಮೇ 3ರಂದು ಗಿರಗಾಂವ್‌ನ ಕಾರೊನೇಶನ್‌ನಲ್ಲಿ ಜನರ ಮುಂದೆ ಬಂತು. ಇದನ್ನು ಊರೂರಿಗೆ ಒಯ್ದು ತೋರಿಸುವಾಗ ಫಾಲ್ಕೆ ಕೊಟ್ಟ ಜಾಹೀರಾತನ್ನು ನೆನೆದರೆ ನನಗೆ ಒಬ್ಬನೇ ಇದ್ದಾಗಲೂ ನಗು ಬರುತ್ತದೆ. ಸೂರತ್ತಿನಲ್ಲಿ ಜನ ಬರಲಿಲ್ಲ. ಇಷ್ಟೇ ದುಡ್ಡಿಗೆ ನಾಟಕದವರು ರಾತ್ರಿಯಿಡೀ ಆಡುತ್ತಾರೆ, ನಿಮ್ಮದು ಗಂಟೆಯಲ್ಲಿ ಮುಗಿಯುತ್ತದೆ ಎಂಬ ತಕರಾರು. ಆಗ ಅವರು ಸಾರಿದ್ದು ಇದನ್ನು: 57,000 ಫೋಟೋಗಳು, ಎರಡು ಮೈಲಿ ಉದ್ದದ ಚಿತ್ರ, ಎಲ್ಲ ಸೇರಿ ಬರೀ ಮೂರಾಣೆ! ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆ. ಒಂದಡಿ ಫಿಲ್ಮಿನಲ್ಲಿ ಹದಿನಾರು ಚಿತ್ರ. 3,700 ಅಡಿಗೆ 59,200. ಹಾಗಾದರೆ ಫೋಟೋಗಳ ಲೆಕ್ಕ ಹೆಚ್ಚುಕಡಿಮೆ ಪ್ರಾಮಾಣಿಕ, ಎರಡು ಸಾವಿರ ಬಿಟ್ಟೇ ಹೇಳಿದ್ದಾರೆ. ಉದ್ದ ಮಾತ್ರ ಮುಕ್ಕಾಲು ಮೈಲಿಯೂ ಇಲ್ಲ, ಎರಡು ಮೈಲಿ ಎಲ್ಲಿಂದ ಬಂತು? ಛಾಯಾಗ್ರಾಹಕ ಸತ್ಯ ಹೇಳಿದ, ನಿರ್ಮಾಪಕ ಸುಳ್ಳು ಹೇಳಿದ, ಅದೂ ಹರಿಶ್ಚಂದ್ರನ ಹೆಸರಿನಲ್ಲಿ. ಸಂತೆಯಲ್ಲಿ ನಿಂತು ಬಟ್ಟೆ ಅಳೆದು ಮಾರುವವನ ಹಾಗೆ ಕೂಗಿದರೂ, ಅವರು ಮಾರಿದ ಸರಕು ಕಥೆಯಲ್ಲ, ನಟರಲ್ಲ, ಫೋಟೋ. ಕ್ಯಾಮೆರಾ ಆಯುಷ್ಯ ತಿನ್ನುತ್ತದೆಂದು ಗಿರಾಕಿಗಳು ಓಡಿಹೋದ ಸ್ಟುಡಿಯೋದ ಮನುಷ್ಯ, ಒಂದೇ ಏಟಿಗೆ ಐವತ್ತೇಳು ಸಾವಿರ ಫೋಟೋ ನೋಡಿ ಬನ್ನಿ ಎಂದು ಕರೆಯುತ್ತಿದ್ದ.

ಉಳಿದದ್ದು ಎಷ್ಟು? ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೊದಲ ಮತ್ತು ಕೊನೆಯ ರೀಲು, 1,475 ಅಡಿ. ಅದೂ 1913ರದ್ದಲ್ಲ, ಫಾಲ್ಕೆಯೇ 1917ರಲ್ಲಿ ಮತ್ತೆ ತೆಗೆದದ್ದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅವರ ಮಾತು ನಿಜವಾದರೆ ವಾಂಗಣಿಯ ಆ ಬೆಳಕು ಎಲ್ಲೂ ಉಳಿದಿಲ್ಲ, ವಾಂಗಣಿಯಲ್ಲಿ ಬಿಟ್ಟು.

ವಾಪಸು ಸ್ಟೇಷನ್ನಿಗೆ ಬಂದಾಗ ಪ್ಲಾಟ್‌ಫಾರಂನಲ್ಲಿ ಬಿಳಿಕೋಲಿನ ಸದ್ದು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ನಾಲ್ಕೈದು ಮಂದಿ ನಡೆದು ಬಂದರು. ಬಾಡಿಗೆ ಕಡಿಮೆಯೆಂದು ವಾಂಗಣಿಯಲ್ಲಿ ಬಹಳಷ್ಟು ಅಂಧರ ಕುಟುಂಬಗಳು ನೆಲೆಸಿವೆ. ಲೋಕಲ್‌ಗಳಲ್ಲಿ ಕೀಚೈನು, ಕಾರ್ಡಿನ ಕವರು ಮಾರುತ್ತ, ಹಾಡುತ್ತ ಮುಂಬಯಿಯವರೆಗೆ ಹೋಗಿ ಬರುವವರು ಅನೇಕರು ಇಲ್ಲಿಯವರೇ. ಫಾಲ್ಕೆಗೂ ಒಮ್ಮೆ ಕಣ್ಣು ಹೋಗಿತ್ತು. 1911ರಲ್ಲಿ ಹಗಲೂ ರಾತ್ರಿ ಸಿನಿಮಾ ನೋಡಿ, ಓದಿ, ನಿದ್ದೆಗೆಟ್ಟು ಕೆಲಕಾಲ ಏನೂ ಕಾಣದಂತಾಗಿ, ಡಾಕ್ಟರ್ ಪ್ರಭಾಕರ್ ಎಂಬವರ ಚಿಕಿತ್ಸೆಯಿಂದ, ಹಲವು ಕನ್ನಡಕಗಳ ನೆರವಿನಿಂದ ದೃಷ್ಟಿ ಮರಳಿತು. ಕಣ್ಣು ಬಂದ ಮೇಲೆಯೇ ಅವರು ಲಂಡನ್ನಿನ ಹಡಗು ಹತ್ತಿದ್ದು.

ಇಡೀ ದೇಶ ನೋಡಿದ ವಾಂಗಣಿಯ ಚಿತ್ರವೊಂದು ಇದೇ ಪ್ಲಾಟ್‌ಫಾರಂನದು. 2021ರ ಏಪ್ರಿಲ್ 17ರಂದು ಅಂಧ ತಾಯಿಯ ಕೈ ಹಿಡಿದು ಬರುತ್ತಿದ್ದ ಮಗು ಅಂಚಿನಿಂದ ಹಳಿಗೆ ಬಿತ್ತು. ಎದುರಿಗೆ ಎಕ್ಸ್‌ಪ್ರೆಸ್. ತಾಯಿ ನೆಲ ತಡಕುತ್ತಾಳೆ, ಮಗು ಹತ್ತಲಾರದು. ಪಾಯಿಂಟ್ಸ್‌ಮನ್ ಮಯೂರ್ ಶೆಳಕೆ ಹಳಿಯ ಮೇಲೆ ರೈಲಿಗೆ ಎದುರಾಗಿಯೇ ಓಡಿ ಬಂದು, ಮಗುವನ್ನು ಮೇಲಕ್ಕೆ ಎತ್ತಿ ಹಾಕಿ, ತಾನೂ ಹಾರಿದರು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಹೊತ್ತು. ತೆಗೆದದ್ದು ಕಂಬದ ಮೇಲಿನ ಸಿಸಿಟಿವಿ. ಹಿಡಿಕೆ ತಿರುಗಿಸಿದವರು ಯಾರೂ ಇಲ್ಲ, ಬಿಳಿ ಬಟ್ಟೆ ಹಿಡಿದವರೂ ಇಲ್ಲ. ರೈಲ್ವೆ ಕೊಟ್ಟ ಐವತ್ತು ಸಾವಿರದಲ್ಲಿ ಅರ್ಧವನ್ನು ಶೆಳಕೆ ಆ ಮಗುವಿನ ಮನೆಗೇ ಕೊಟ್ಟರು. ಚಹಾದಂಗಡಿಯವರಿಗೆ ಫಾಲ್ಕೆ ಗೊತ್ತಿಲ್ಲದಿದ್ದರೂ ಈ ಕಥೆ ಬಾಯಿಪಾಠ. ಶೆಳಕೆ ಎಲ್ಲಿಂದ ಓಡಿದರು, ಎಲ್ಲಿ ಹಾರಿದರು ಎಂಬುದನ್ನು ಅವರು ಅಂಗಡಿ ಬಿಟ್ಟು ಬಂದು, ಕೈ ಹಿಡಿದು ತೋರಿಸಿದರು. ಹಾಗೆಯೇ ಅವರಿಗೆ ನಾನು ಹರಿಶ್ಚಂದ್ರನ ತಂಡ ಠಾಣೆ ಸೇರಿದ್ದನ್ನು ಹೇಳಿದೆ. ಫೌಜುದಾರನ ಮುಂದೆ ಖಾಲಿ ಕ್ಯಾಮೆರಾ ತಿರುಗಿಸಿದ ಭಾಗಕ್ಕೆ ಅವರು ನಕ್ಕ ನಗುವಿಗೆ ಪಕ್ಕದ ವಡಾಪಾವ್‌ನವನೂ ಬಂದು ನಿಂತ. ಅವನಿಗಾಗಿ ಮೊದಲಿನಿಂದ ಹೇಳಬೇಕಾಯಿತು.

ಬದಲಾಪುರಕ್ಕೆ ಮರಳುವ ಗಾಡಿ ಬಂತು, ಬಿಟ್ಟುಬಿಟ್ಟೆ. ಇನ್ನೂ ಮಧ್ಯಾಹ್ನ, ಮೋಡ ಪೂರ್ತಿ ಹರಿದಿತ್ತು. ಎದುರು ಪ್ಲಾಟ್‌ಫಾರಂನಲ್ಲಿ ಕರ್ಜತ್ ಲೋಕಲ್ ಸಾರುತ್ತಿದ್ದರು. ಕರ್ಜತ್‌ನಲ್ಲಿ ಇಳಿದು ಘಾಟಿ ಹತ್ತುವ ಯಾವುದಾದರೂ ರೈಲು ಹಿಡಿದರೆ ಕತ್ತಲಾಗುವುದರೊಳಗೆ ಲೋಣಾವಳ. ಅಲ್ಲಿಂದ ಮಳವಲಿ ಒಂದೇ ಸ್ಟೇಷನ್. ಫೋನ್ ಮಾಡಿ, ರಾತ್ರಿ ಊಟಕ್ಕೆ ಕಾಯಬೇಡಿ ಎಂದು ಮನೆಯವರಿಗೆ ಹೇಳಿ ಮೇಲ್ಸೇತುವೆ ಹತ್ತಿದೆ.